ಪೈಲಟ್ ಕೊರತೆ ಅಂತಾರೆ, ತರಬೇತಿಯ ದುಡ್ಡು ಮಾತ್ರ ಹುಡುಗರೇ ಕೊಡಬೇಕಂತೆ: ಸಣ್ಣ ವಿಮಾನಯಾನ ಕಂಪನಿಗಳ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಪೆರಂಬೂರು (ಚೆನ್ನೈ): ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈಗೆ ಹೋದವರಿಗೆಲ್ಲ ಪೆರಂಬೂರು ಗೊತ್ತಿರುತ್ತದೆ. ವಿಲ್ಲಿವಾಕ್ಕಂ ದಾಟುತ್ತಿದ್ದಂತೆ ಕ್ಯಾರೇಜ್ ವರ್ಕ್ಸ್, ಲೋಕೋ ವರ್ಕ್ಸ್ ಎಂಬ ನಿಲ್ದಾಣಗಳ ಫಲಕಗಳು ಕಾಣುತ್ತವೆ. ಬೋಗಿಯಲ್ಲಿದ್ದವರು ಎದ್ದು ಬ್ಯಾಗು ಇಳಿಸಲು ಶುರು ಮಾಡುವ ಜಾಗ ಅದು. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರು ಉದ್ಘಾಟಿಸಿದ ರೈಲು ಬೋಗಿ ಕಾರ್ಖಾನೆ ಐಸಿಎಫ್ ಇರುವುದೂ ಇಲ್ಲೇ. 2022ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಹಸಿರು ನಿಶಾನೆ ಪಡೆದ ಮೈಸೂರು-ಚೆನ್ನೈ ವಂದೇ ಭಾರತ್ ರೈಲು ತಯಾರಾಗಿದ್ದು ಇದೇ ಕಾರ್ಖಾನೆಯಲ್ಲಿ.

ಮೈಸೂರು-ಚೆನ್ನೈ ನಡುವೆ ವಿಮಾನವೂ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಕಂಪನಿಯ ಎಟಿಆರ್ ವಿಮಾನ ಈ ಮಾರ್ಗಕ್ಕೆ ಬಂದಾಗ, ಖಾಲಿ ಬಿದ್ದಿದ್ದ ಮಂಡಕಳ್ಳಿ ನಿಲ್ದಾಣಕ್ಕೆ ಜೀವ ಬಂತೆಂದು ಮೈಸೂರಿನವರು ಸಂಭ್ರಮಿಸಿದ್ದರು. ಐದು ವರ್ಷ ತುಂಬುವ ಮೊದಲೇ, 2022ರ ಫೆಬ್ರವರಿಯಲ್ಲಿ, ಆ ಕಂಪನಿಯೇ ಹಾರಾಟ ನಿಲ್ಲಿಸಿತು.

ಒಂದೇ ಊರಿನಿಂದ ಒಂದೇ ಊರಿಗೆ ಜನರನ್ನು ಸಾಗಿಸುವ ಈ ಎರಡು ವಾಹನಗಳ ನಡುವೆ ವೇಗ, ಟಿಕೆಟ್ ದರವಷ್ಟೇ ಅಲ್ಲ, ಇನ್ನೊಂದು ವ್ಯತ್ಯಾಸವೂ ಇದೆ. ರೈಲು ಓಡಿಸುವವರನ್ನು ರೈಲ್ವೆ ಈಗ ಲೋಕೋ ಪೈಲಟ್ ಎನ್ನುತ್ತದೆ. ಎಸ್ಸೆಸ್ಸೆಲ್ಸಿ ಜತೆಗೆ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಸಹಾಯಕ ಲೋಕೋ ಪೈಲಟ್ ಆಗಿ ಆಯ್ಕೆಯಾದ ಹುಡುಗನಿಗೆ ಎಂಜಿನ್ ಕಲಿಸುವುದು ರೈಲ್ವೆಯದ್ದೇ ಕೆಲಸ. ಕಲಿಯುವಷ್ಟು ದಿನ ಸ್ಟೈಪೆಂಡ್ ಕೂಡ ಸಿಗುತ್ತದೆ. ವಿಮಾನದ ಪೈಲಟ್ ಆಗಬೇಕೆಂದವನು ಮಾತ್ರ ಲೈಸೆನ್ಸ್‌ಗೆ ಅರ್ಧ ಕೋಟಿಯಷ್ಟು ಸುರಿದ ಮೇಲೂ, ಕೆಲಸಕ್ಕೆ ಬೇಕಾದ ವಿಮಾನವನ್ನು ಕಲಿಯಲು ಮತ್ತೆ ಲಕ್ಷಗಟ್ಟಲೆ ತೆರಬೇಕಾಗಬಹುದು.

ಇದು ಸರಿಯೇ? ಅದರಲ್ಲೂ ಐವತ್ತು-ಎಪ್ಪತ್ತು ಸೀಟಿನ ವಿಮಾನ ಹಾರಿಸುವ, ನಾಳೆ ಇರುತ್ತದೋ ಇಲ್ಲವೋ ಎಂಬ ಸ್ಥಿತಿಯ ಸಣ್ಣ ಕಂಪನಿಗಳು ಹೊಸಬರಿಂದ ತರಬೇತಿ ಹಣ ಪಡೆಯುವುದು ಸರಿಯೇ? ಉತ್ತರ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಿಲ್ಲ.

ಕೊರತೆ ಇರುವುದು ಯಾರದ್ದು?

2025ರ ಡಿಸೆಂಬರ್ ಮೊದಲ ವಾರ ನೆನಪಿರಬಹುದು. ಇಂಡಿಗೋ ಸಾವಿರಾರು ವಿಮಾನಗಳನ್ನು ರದ್ದು ಮಾಡಿ, ಬೆಂಗಳೂರು, ಚೆನ್ನೈ ಸೇರಿ ದೇಶದ ದೊಡ್ಡ ನಿಲ್ದಾಣಗಳಲ್ಲೆಲ್ಲ ಜನ ನೆಲದ ಮೇಲೆ ಮಲಗುವಂತಾಗಿತ್ತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವುದೂ ಸೇರಿದಂತೆ ಹೊಸ ಕರ್ತವ್ಯ ನಿಯಮಗಳು ಜಾರಿಯಾಗಿದ್ದವು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳ ವ್ಯವಸ್ಥೆ ಕಂಪನಿಯ ಬಳಿ ಇರಲಿಲ್ಲ. ಮುಂದಿನ 15-20 ವರ್ಷಗಳಲ್ಲಿ ದೇಶಕ್ಕೆ 30,000 ಪೈಲಟ್‌ಗಳು ಬೇಕಾಗುತ್ತಾರೆ ಎಂದು ನಾಗರಿಕ ವಿಮಾನಯಾನ ಸಚಿವರೇ ಹೇಳಿದ್ದಾರೆ.

ಇದನ್ನೆಲ್ಲ ಓದಿದ ಪಿಯುಸಿ ಹುಡುಗನಿಗೆ, ಲೈಸೆನ್ಸ್ ಕೈಗೆ ಬಂದರೆ ಸಾಕು, ಕಂಪನಿಗಳು ಮನೆ ಬಾಗಿಲಿಗೆ ಬರುತ್ತವೆ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ನಿಜ ಸಂಗತಿ ಬೇರೆ. ಡಿಜಿಸಿಎ 2022ರಲ್ಲಿ 1,165 ಮತ್ತು 2023ರಲ್ಲಿ 1,622 ವಾಣಿಜ್ಯ ಪೈಲಟ್ ಲೈಸೆನ್ಸ್‌ಗಳನ್ನು ಕೊಟ್ಟಿದೆ. ಹೀಗೆ ಸಿಪಿಎಲ್ ಪಡೆದವರೆಲ್ಲ ಮರುದಿನವೇ ಕಾಕ್‌ಪಿಟ್‌ನಲ್ಲಿ ಕೂರುವುದಿಲ್ಲ. ಲೈಸೆನ್ಸ್ ಇಟ್ಟುಕೊಂಡು ಮನೆಯಲ್ಲಿ ಕಾಯುವವರ ಸಾಲು ಪ್ರತಿ ಕಾಲದಲ್ಲೂ ಇದ್ದೇ ಇದೆ. 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ನೆಲಕಚ್ಚಿದ ನಂತರದ ವರ್ಷಗಳಲ್ಲಂತೂ ಈ ಸಾಲು ತುಂಬಾ ಉದ್ದವಾಗಿತ್ತು.

ಅಂದರೆ ಕೊರತೆ ಇರುವುದು ಲೈಸೆನ್ಸ್ ಇರುವವರದ್ದಲ್ಲ. ನಿರ್ದಿಷ್ಟ ವಿಮಾನದಲ್ಲಿ ಪಳಗಿದ ಸಹ ಪೈಲಟ್‌ಗಳದ್ದು, ಅದಕ್ಕಿಂತ ಹೆಚ್ಚಾಗಿ ಅನುಭವಿ ಕ್ಯಾಪ್ಟನ್‌ಗಳದ್ದು. ಲೈಸೆನ್ಸ್ ಮತ್ತು ಕಾಕ್‌ಪಿಟ್ ನಡುವೆ ಒಂದು ಸೇತುವೆ ಇದೆ. ಆ ಸೇತುವೆಗೆ ದುಡ್ಡು ಹಾಕಲು ಯಾರೂ ಮುಂದೆ ಬರುತ್ತಿಲ್ಲ. ಕೊನೆಗೆ ಆ ಬಿಲ್ ಬಂದು ಬೀಳುವುದು ಅದನ್ನು ದಾಟಲು ನಿಂತವನ ಮೇಲೆ.

ಮೂರು ಬಿಲ್, ಮೂರು ಬೇರೆ ಪ್ರಶ್ನೆ

ಈ ಚರ್ಚೆ ಗೋಜಲಾಗುವುದು ಮೂರು ಬೇರೆ ಬೇರೆ ಖರ್ಚುಗಳನ್ನು ಒಂದೇ ಚೀಲಕ್ಕೆ ತುಂಬುವುದರಿಂದ.

ಮೊದಲನೆಯದು ಸಿಪಿಎಲ್. ಹದಿನೆಂಟು ತುಂಬಿರಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ-ಗಣಿತ ಓದಿರಬೇಕು, ಕ್ಲಾಸ್-1 ವೈದ್ಯಕೀಯ ಪರೀಕ್ಷೆ ಪಾಸಾಗಬೇಕು, ಡಿಜಿಸಿಎ ಪರೀಕ್ಷೆಗಳನ್ನು ಬರೆಯಬೇಕು, 200 ಗಂಟೆ ಹಾರಿಸಬೇಕು. ಹಾರಿಸುವುದು ಸೆಸ್ನಾದಂಥ ಪುಟ್ಟ ವಿಮಾನವನ್ನು. ಇದಕ್ಕೇ ಸುಮಾರು ಅರ್ಧ ಕೋಟಿ ರೂಪಾಯಿ ಬೇಕು. ಡಾಕ್ಟರ್, ಎಂಜಿನಿಯರ್ ಆಗುವವರು ಕಾಲೇಜಿಗೆ ಫೀಸು ಕಟ್ಟುವ ಹಾಗೆ ಇದು ಎಂದು ಒಪ್ಪಿಕೊಳ್ಳೋಣ. ಆದರೂ ಬಡವರ ಮಕ್ಕಳಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಇರುವಂತೆ ಇಲ್ಲಿ ಏನಿದೆ ಎಂದು ಕೇಳಬೇಕಾಗುತ್ತದೆ. ಮೈಸೂರು ಸಂಸ್ಥಾನದ ಕಾಲದ ನಂಟಿರುವ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಂಥದ್ದೇ ಉದ್ದೇಶದ್ದು. ಅದು ಬೋಧಕರಿಲ್ಲದೆ, ವಿಮಾನಗಳ ದುರಸ್ತಿಯಾಗದೆ ಕುಂಟಿದ ವರ್ಷಗಳೇ ಹೆಚ್ಚು. ಅದು ಬೇರೆಯದೇ ಕಥೆ.

ಎರಡನೆಯದು ಟೈಪ್ ರೇಟಿಂಗ್. ಸೆಸ್ನಾ ಹಾರಿಸಿದವನು ನೇರವಾಗಿ ಎಟಿಆರ್-72 ಹಾರಿಸುವಂತಿಲ್ಲ. ಆ ಮಾದರಿಯ ವಿಮಾನದ ಪಾಠ, ಪರೀಕ್ಷೆ, ಸಿಮ್ಯುಲೇಟರ್‌ನಲ್ಲಿ ಹತ್ತಾರು ಗಂಟೆಗಳ ಅಭ್ಯಾಸ, ಕೊನೆಗೆ ನಿಜ ವಿಮಾನವನ್ನು ಏರಿಸಿ ಇಳಿಸಿ ತೋರಿಸುವುದು, ಇಷ್ಟೂ ಆಗಬೇಕು. ಮಾದರಿ ಮತ್ತು ಸ್ಥಳದ ಮೇಲೆ ಖರ್ಚು ಬದಲಾಗುತ್ತದೆಯಾದರೂ ಹತ್ತು ಲಕ್ಷಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಇಪ್ಪತ್ತರ ಹತ್ತಿರ ಹೋಗುವುದೂ ಉಂಟು.

ಮೂರನೆಯದು ಲೈನ್ ಟ್ರೈನಿಂಗ್. ಪ್ರಯಾಣಿಕರು ತುಂಬಿದ ನಿಜವಾದ ವಿಮಾನದಲ್ಲಿ, ತರಬೇತುದಾರ ಕ್ಯಾಪ್ಟನ್ ಪಕ್ಕದಲ್ಲಿ ಕೂತು ಹೊಸಬ ಕೆಲಸ ಮಾಡುವ ಹಂತ. ಟಿಕೆಟ್ ಹಣ ಕಂಪನಿಗೆ ಬರುತ್ತಿರುತ್ತದೆ, ಸಹ ಪೈಲಟ್ ಸೀಟಿನ ಕೆಲಸ ನಡೆಯುತ್ತಿರುತ್ತದೆ. ಈ ಹಂತದಲ್ಲೂ ಗಂಟೆಗಿಷ್ಟು ಎಂದು ಹೊಸಬರಿಂದ ಹಣ ಪಡೆಯುವ ಪದ್ಧತಿಗೆ ವಿದೇಶಗಳಲ್ಲಿ ‘ಪೇ ಟು ಫ್ಲೈ’ ಎಂದೇ ಹೆಸರಿದೆ. ಯುರೋಪಿನ ಪೈಲಟ್ ಸಂಘಟನೆಗಳು ಇದರ ವಿರುದ್ಧ ವರ್ಷಗಳಿಂದ ಹೋರಾಡುತ್ತಿವೆ. ಕೂಲಿಯಾಳೇ ಮಾಲೀಕನಿಗೆ ಕೂಲಿ ಕೊಟ್ಟ ಹಾಗೆ ಇದು. ಇದರ ಪರವಾಗಿ ಗಟ್ಟಿಯಾದ ಒಂದು ವಾದವೂ ಇಲ್ಲ.

ಹಾಗಾಗಿ ನಿಜವಾದ ಜಗಳ ಇರುವುದು ಎರಡನೇ ಬಿಲ್‌ನಲ್ಲಿ.

ಕಂಪನಿಯ ಕಷ್ಟವೂ ಸುಳ್ಳಲ್ಲ

ಸಣ್ಣ ಕಂಪನಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗಿಯೇ ಕಾಣುತ್ತದೆ. 2017ರ ಏಪ್ರಿಲ್ 27ರಂದು ಶಿಮ್ಲಾ-ದೆಹಲಿ ವಿಮಾನದೊಂದಿಗೆ ಉಡಾನ್ ಶುರುವಾದಾಗ, ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಅರ್ಧದಷ್ಟು ಸೀಟುಗಳನ್ನು 2,500 ರೂಪಾಯಿಗೆ ಕೊಡಬೇಕೆಂಬ ಮಿತಿ ಇತ್ತು. ನಷ್ಟ ತುಂಬಿಕೊಡಲು ಸರ್ಕಾರ ಮೂರು ವರ್ಷ ಅನುದಾನ ಕೊಡುತ್ತದೆ. ನಾಲ್ಕೈದು ವಿಮಾನ, ಬಾಡಿಗೆಯ ಹೊರೆ, ಡಾಲರ್ ಏರಿದರೆ ಏರುವ ಖರ್ಚು, ಇಂಧನದ ಬೆಲೆ. ಇಷ್ಟರ ನಡುವೆ ಹತ್ತು ಹದಿನೈದು ಲಕ್ಷ ಹಾಕಿ ಒಬ್ಬನನ್ನು ತಯಾರು ಮಾಡಿದರೆ, ಒಂದೂವರೆ ವರ್ಷಕ್ಕೆ ಅವನು ಇಂಡಿಗೋ, ಏರ್ ಇಂಡಿಯಾ ಕಡೆ ಮುಖ ಮಾಡುತ್ತಾನೆ.

ರೈಲ್ವೆಗೆ ಈ ಭಯವಿಲ್ಲ. ಲೋಕೋ ಪೈಲಟ್ ಕೆಲಸ ಬಿಟ್ಟರೆ ಎಕ್ಸ್‌ಪ್ರೆಸ್ ರೈಲು ಓಡಿಸಲು ಬೇರೆ ಯಾರ ಬಳಿ ಹೋಗಬೇಕು? ದೇಶದಲ್ಲಿ ರೈಲ್ವೆ ಇರುವುದು ಒಂದೇ. ಕಲಿಸಿದ ವಿದ್ಯೆ ಹೊರಗೆ ಮಾರಾಟವಾಗುವುದಿಲ್ಲ ಎಂಬ ಧೈರ್ಯದಲ್ಲೇ ಅದು ಕಲಿಸುತ್ತದೆ. ವಿಮಾನಯಾನದಲ್ಲಿ ಹಾಗಲ್ಲ, ಪೈಲಟ್ ತನ್ನ ವಿದ್ಯೆಯನ್ನು ಹೊತ್ತುಕೊಂಡು ಹೋಗುತ್ತಾನೆ, ಆದ್ದರಿಂದ ಅವನೇ ದುಡ್ಡು ಕೊಡಲಿ ಎಂಬುದು ಕಂಪನಿಗಳ ವಾದ.

ಕೇಳಲು ತೂಕದ ಮಾತೇ. ಆದರೆ ಸ್ವಲ್ಪ ಕೆದಕಿದರೆ ಇದರ ಅರ್ಧ ಭಾಗ ಬಿದ್ದುಹೋಗುತ್ತದೆ. ಎಟಿಆರ್ ಟೈಪ್ ರೇಟಿಂಗ್ ಇಟ್ಟುಕೊಂಡು ಏರ್‌ಬಸ್ ಎ320 ಹಾರಿಸಲು ಬರುವುದಿಲ್ಲ, ಅದಕ್ಕೆ ಮತ್ತೊಂದು ಟೈಪ್ ರೇಟಿಂಗ್ ಬೇಕು. ಎಟಿಆರ್ ರೇಟಿಂಗ್‌ಗೆ ದೇಶದಲ್ಲಿ ಬೆಲೆ ಕೊಡುವವರು ಅಲಯನ್ಸ್ ಏರ್, ಇಂಡಿಗೋ, ಫ್ಲೈ91ನಂಥ ಬೆರಳೆಣಿಕೆಯ ಕಂಪನಿಗಳು. 2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣಕ್ಕೆ ಮೊದಲ ವಿಮಾನ ತಂದ ಸ್ಟಾರ್ ಏರ್ ಬಳಿ ಇರುವ ಐವತ್ತು ಸೀಟಿನ ಎಂಬ್ರೇಯರ್-145 ನೋಡಿ. ದೇಶದ ನಿಗದಿತ ವಿಮಾನಯಾನದಲ್ಲಿ ಆ ಮಾದರಿಯನ್ನು ಓಡಿಸುವುದು ಆ ಕಂಪನಿಯೊಂದೇ. ಸ್ಟಾರ್ ಏರ್ ಹೊಸಬರಿಂದ ಹಣ ಪಡೆಯುತ್ತದೆ ಎಂದು ಇಲ್ಲಿ ಹೇಳುತ್ತಿಲ್ಲ. ಮಾತು ವಿಮಾನದ ಮಾದರಿಯದ್ದು. ಅಂಥ ಮಾದರಿಯ ರೇಟಿಂಗ್ ಇದ್ದವನ ಸ್ಥಿತಿ ಲೋಕೋ ಪೈಲಟ್‌ನ ಸ್ಥಿತಿಗಿಂತ ಬೇರೆಯಲ್ಲ. ಅವನ ವಿದ್ಯೆಗೆ ಇರುವುದು ಒಬ್ಬನೇ ಗಿರಾಕಿ.

ಹಾಗಾದರೆ ಬಿಟ್ಟು ಹೋಗುವಾಗ ಪೈಲಟ್ ಹೊತ್ತೊಯ್ಯುವುದು ಏನನ್ನು? ಹಾರಾಟದ ಗಂಟೆಗಳನ್ನು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1,500 ಗಂಟೆ ಆಗಿರಬೇಕು. ದೊಡ್ಡ ಕಂಪನಿಗಳು ಬಯಸುವುದು ಈ ಅನುಭವವನ್ನು. ಅದನ್ನು ಅವನು ಗಳಿಸಿದ್ದು ಕಂಪನಿಗೆ ಕೆಲಸ ಮಾಡುತ್ತಲೇ, ಮಂಜಿನಲ್ಲಿ, ಮಳೆಯಲ್ಲಿ, ದಿನಕ್ಕೆ ನಾಲ್ಕೈದು ಸಲ ಏರಿಳಿದು. ಅದಕ್ಕೆ ಮುಂಗಡ ವಸೂಲಿ ಮಾಡುವುದರಲ್ಲಿ ನ್ಯಾಯವೇನಿದೆ?

ಅಪಾಯ ಹೊರುವವರು ಯಾರು?

ಸಣ್ಣ ಕಂಪನಿಗಳ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಇವುಗಳ ಆಯಸ್ಸು ಎಷ್ಟು ಎಂದು ನೋಡಿ. ಸರ್ಕಾರವೇ 1981ರಲ್ಲಿ ಕಟ್ಟಿದ ವಾಯುದೂತ್ ಹನ್ನೆರಡು ವರ್ಷಕ್ಕೆ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾಯಿತು. ಚೆನ್ನೈಯನ್ನೇ ನೆಲೆ ಮಾಡಿಕೊಂಡಿದ್ದ ಪ್ಯಾರಾಮೌಂಟ್ 2005ರಲ್ಲಿ ಬಂದು 2010ರಲ್ಲಿ ಹೋಯಿತು. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ 2015ರ ಏಪ್ರಿಲ್‌ನಲ್ಲಿ ಹಾರಾಟ ಆರಂಭಿಸಿದ ಏರ್ ಪೆಗಾಸಸ್ 2016ರ ಜುಲೈನಲ್ಲಿ ನಿಂತಿತು, ಹದಿನೈದೇ ತಿಂಗಳು. ವಿಜಯವಾಡದ ಏರ್ ಕೋಸ್ಟಾ, ಕೊಯಮತ್ತೂರಿನ ಏರ್ ಕಾರ್ನಿವಲ್ ಎರಡೂ 2017ರಲ್ಲಿ ಕಣ್ಮರೆಯಾದವು. ಟ್ರೂಜೆಟ್ ಕಥೆ ಆಗಲೇ ಹೇಳಿದ್ದಾಯಿತು.

ಮಾರ್ಗಗಳ ಪಾಡೂ ಅಷ್ಟೇ. 2023ರಲ್ಲಿ ಸಂಸತ್ತಿನ ಮುಂದಿಟ್ಟ ಸಿಎಜಿ ವರದಿಯ ಪ್ರಕಾರ, ಉಡಾನ್ ಮೂರನೇ ಸುತ್ತಿನವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದ್ದು 112 ಮಾತ್ರ. ಅನುದಾನದ ಅವಧಿ ಮುಗಿದ ಮೇಲೂ ಮುಂದುವರಿದದ್ದು 54.

ಈ ಅಂಕಿಗಳ ಪಕ್ಕದಲ್ಲಿ ಪೈಲಟ್‌ನ ಸಾಲದ ಪತ್ರವನ್ನು ಇಟ್ಟು ನೋಡಬೇಕು. ಒಬ್ಬ ಹುಡುಗ ಸಿಪಿಎಲ್‌ಗಾಗಿ 50 ಲಕ್ಷ ರೂಪಾಯಿಯನ್ನು ಶೇ. 11ರ ಬಡ್ಡಿಗೆ, ಹತ್ತು ವರ್ಷದ ಅವಧಿಗೆ ಸಾಲ ಮಾಡಿದ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 68,900 ರೂ. ಟೈಪ್ ರೇಟಿಂಗ್‌ಗೆಂದು ಅದಕ್ಕೆ ಇನ್ನೊಂದು 15 ಲಕ್ಷ ಸೇರಿದರೆ ಕಂತು 89,500 ರೂ. ದಾಟುತ್ತದೆ. ಬ್ಯಾಂಕ್‌ಗಳು ಸಾಮಾನ್ಯವಾಗಿ 7.5 ಲಕ್ಷ ರೂ. ಮೀರಿದ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುತ್ತವೆ. ಅಂದರೆ ಅಪ್ಪನ ಹೊಲವೋ ಮನೆಯೋ ಬ್ಯಾಂಕಿನಲ್ಲಿ ಇರುತ್ತದೆ. ಸಾಲಕ್ಕೆ ಹತ್ತು ವರ್ಷ, ಕಂಪನಿಗೆ ಹದಿನೈದು ತಿಂಗಳು.

ಕಂಪನಿ ದಿವಾಳಿಯಾದರೆ? ದಿವಾಳಿ ಸಂಹಿತೆಯ 53ನೇ ಕಲಂ ಯಾರಿಗೆ ಮೊದಲು ಹಣ, ಯಾರಿಗೆ ಆಮೇಲೆ ಎಂದು ಸಾಲು ಹಚ್ಚಿದೆ. ಪ್ರಕ್ರಿಯೆಯ ಖರ್ಚು, ಅಡಮಾನ ಸಾಲ ಕೊಟ್ಟ ಬ್ಯಾಂಕುಗಳು ಮತ್ತು ಕಾರ್ಮಿಕರ ಬಾಕಿ, ನಂತರ ಉಳಿದ ನೌಕರರ ಸಂಬಳ. ತರಬೇತಿಗೆಂದು ಮುಂಗಡ ಕಟ್ಟಿದವನ ಹಣ ಸಂಬಳವಲ್ಲ. ಅದು ಸಾಮಾನ್ಯವಾಗಿ ಬಾಲದ ಕಡೆಯಲ್ಲಿರುವ ‘ಇತರೆ ಬಾಕಿ’ಗಳ ಜತೆ ಸೇರುತ್ತದೆ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಏನೂ ಉಳಿದಿರುವುದಿಲ್ಲ. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತಾಗ ಸಂಬಳದ ಬಾಕಿಗೇ ನೌಕರರು ಪಟ್ಟ ಪಾಡನ್ನು ದೇಶ ನೋಡಿದೆ.

ವ್ಯವಹಾರದ ಅಪಾಯ ಹೊರುವುದು ಬಂಡವಾಳ ಹಾಕಿ ಲಾಭ ಪಡೆಯುವವನ ಕೆಲಸ. ಮುಂಗಡ ತರಬೇತಿ ಶುಲ್ಕದಲ್ಲಿ ಆಗುವುದು ತಿರುವುಮುರುವು. ಕಂಪನಿ ಉಳಿಯುತ್ತದೋ ಇಲ್ಲವೋ ಎಂಬ ಜೂಜಿನ ಒಂದು ಪಾಲನ್ನು ಇಪ್ಪತ್ತೆರಡು ವರ್ಷದ ಹುಡುಗಿಯ ತಲೆಗೆ ಕಟ್ಟಿ, ಲಾಭದಲ್ಲಿ ಮಾತ್ರ ಆಕೆಗೆ ಪಾಲಿಲ್ಲ ಎಂದ ಹಾಗೆ.

ಬಫಲೋದಲ್ಲಿ ಆಗಿದ್ದೇನು?

ಪ್ರಯಾಣಿಕರಿಗೆ ಇದರಿಂದ ಏನಾಗಬೇಕು, ಟಿಕೆಟ್ ಅಗ್ಗವಾದರೆ ಸಾಕಲ್ಲ ಎನ್ನುವವರು ಅಮೆರಿಕದ ಕಡೆ ಒಮ್ಮೆ ನೋಡಬೇಕು. 1990ರ ದಶಕದಲ್ಲಿ ಅಲ್ಲಿನ ಹಲವು ಕಮ್ಯೂಟರ್ ಏರ್‌ಲೈನ್‌ಗಳು ಕೆಲಸಕ್ಕೆ ಸೇರುವ ಪೈಲಟ್‌ಗಳಿಂದಲೇ ಸಾವಿರಾರು ಡಾಲರ್ ತರಬೇತಿ ಶುಲ್ಕ ಪಡೆಯುತ್ತಿದ್ದವು. ಆಗ ಪೈಲಟ್‌ಗಳು ಬೇಕಾದಷ್ಟಿದ್ದರು, ಕೆಲಸ ಕಡಿಮೆ ಇತ್ತು. ದಶಕದ ಕೊನೆಗೆ ನೇಮಕಾತಿ ಬಿರುಸಾಗುತ್ತಿದ್ದಂತೆ ಪದ್ಧತಿ ತಾನಾಗಿಯೇ ಕರಗಿತು. ತರಬೇತಿ ಅಗ್ಗವಾಗಿದ್ದರಿಂದ ಅಲ್ಲ, ಕೇಳಿದರೆ ಕೊಡುವವರು ಸಿಗದಿದ್ದರಿಂದ. ಇದು ವೆಚ್ಚದ ಪ್ರಶ್ನೆಗಿಂತ ಯಾರ ಕೈ ಮೇಲಿದೆ ಎಂಬ ಪ್ರಶ್ನೆ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

2009ರ ಫೆಬ್ರವರಿ 12ರ ರಾತ್ರಿ ನೆವಾರ್ಕ್‌ನಿಂದ ಬಫಲೋಗೆ ಹೊರಟ ಕೋಲ್ಗನ್ ಏರ್ ಕಂಪನಿಯ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ವಿಮಾನ ಬಾಂಬಾರ್ಡಿಯರ್ ಕ್ಯೂ400, ಸ್ಪೈಸ್‌ಜೆಟ್ ಮುಂದೆ ಹುಬ್ಬಳ್ಳಿ, ಬೆಳಗಾವಿಗೆ ತಂದಿದ್ದೂ ಅದೇ ಮಾದರಿಯನ್ನು. ವೇಗ ಕುಸಿಯುತ್ತಿದೆ ಎಂಬ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಅಪಘಾತಕ್ಕೆ ಕಾರಣ ಎಂದು ತನಿಖೆ ಹೇಳಿತು. ಆದರೆ ವಿಚಾರಣೆಯಲ್ಲಿ ಹೊರಬಿದ್ದ ಉಳಿದ ವಿವರಗಳು ಅಮೆರಿಕವನ್ನು ಬೆಚ್ಚಿಬೀಳಿಸಿದವು. ಸಹ ಪೈಲಟ್‌ಗೆ ಸಿಗುತ್ತಿದ್ದ ಸಂಬಳ ತೀರಾ ಕಡಿಮೆ. ತಂದೆ-ತಾಯಿಯ ಮನೆಯಲ್ಲಿ ವಾಸವಿದ್ದ ಆಕೆ ಹಿಂದಿನ ರಾತ್ರಿ ಇಡೀ ದೇಶ ದಾಟಿ ಡ್ಯೂಟಿಗೆ ಬಂದಿದ್ದರು. ಕ್ಯಾಪ್ಟನ್ ಈ ಹಿಂದೆ, ಹಣ ಕಟ್ಟಿ ಸಹ ಪೈಲಟ್ ಸೀಟಿನಲ್ಲಿ ಕೂತು ಗಂಟೆ ಗಳಿಸುವ ತರಬೇತಿ ವ್ಯವಸ್ಥೆಯಿಂದ ಬಂದವರಾಗಿದ್ದರು.

ಹಣ ಕೊಟ್ಟು ಕಲಿತಿದ್ದರಿಂದಲೇ ವಿಮಾನ ಬಿತ್ತು ಎಂದು ತನಿಖೆ ಹೇಳಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ಆದರೆ ಎರಡು ಸಂಗತಿ ತಳ್ಳಿಹಾಕುವಂಥದ್ದಲ್ಲ. ಸೀಟು ದುಡ್ಡಿಗೆ ಸಿಗುವಾಗ ಆಯ್ಕೆಯ ಜರಡಿ ಸಡಿಲವಾಗುತ್ತದೆ, ಯಾರು ಚೆನ್ನಾಗಿ ಹಾರಿಸುತ್ತಾರೆ ಎನ್ನುವುದರ ಜತೆ ಯಾರು ಕೊಡಬಲ್ಲರು ಎಂಬುದೂ ಸೇರಿಕೊಳ್ಳುತ್ತದೆ. ಸಾಲದಲ್ಲಿ ಮುಳುಗಿದ ಪೈಲಟ್, ‘ಇವತ್ತು ನನಗೆ ದಣಿವಾಗಿದೆ, ಹಾರಿಸಲಾರೆ’ ಎಂದು ಹೇಳುವ ಮೊದಲು ನಾಲ್ಕು ಸಲ ಯೋಚಿಸುತ್ತಾನೆ. ವಿಶ್ರಾಂತಿಯ ನಿಯಮವನ್ನು 48 ಗಂಟೆಗೆ ಏರಿಸಿದ ದೇಶ ಈ ಎರಡನೆಯದನ್ನು ಮರೆಯಬಾರದು.

ಬಫಲೋ ನಂತರ ಅಮೆರಿಕ ಕಾನೂನು ಬದಲಿಸಿತು. 2013ರಿಂದ ಸಹ ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಕಡ್ಡಾಯವಾಯಿತು. ಪೈಲಟ್‌ಗಳು ಸಿಗದಂತಾದಾಗ, 2022ರಲ್ಲಿ ಅಲ್ಲಿನ ಪ್ರಾದೇಶಿಕ ಕಂಪನಿಗಳು ಹೊಸಬರ ಸಂಬಳವನ್ನು ಭಾರಿ ಪ್ರಮಾಣದಲ್ಲಿ ಏರಿಸಿದವು. ಹಿಂದೆ ಹೊಸಬರಿಂದ ಶುಲ್ಕ ಪಡೆಯುತ್ತಿದ್ದ ಅದೇ ಉದ್ಯಮ ಸೇರುವವರಿಗೆ ಬೋನಸ್ ಕೊಡಲು ನಿಂತಿತು.

ಬಾಂಡ್ ಬೇರೆ, ಮುಂಗಡ ಬೇರೆ

ಕಲಿತು ಓಡಿಹೋಗುವವರಿಂದ ಕಂಪನಿಗೆ ರಕ್ಷಣೆ ಬೇಡವೇ? ಬೇಕು. ಅದಕ್ಕೆ ದಾರಿಯೂ ಇದೆ, ಅದನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದೂ ಆಗಿದೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ಅಧಿಕಾರಿಗಳಿಗೆ ಒಂದು ಷರತ್ತು ಹಾಕಿತ್ತು. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂ. ಕಟ್ಟಬೇಕು ಎಂಬುದೇ ಆ ಷರತ್ತು. ಅವಧಿಗೆ ಮುನ್ನ ಬಿಟ್ಟು ಹಣ ಕಟ್ಟಿದ ಅಧಿಕಾರಿಯೊಬ್ಬರು ಕೋರ್ಟ್‌ಗೆ ಹೋದಾಗ ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. 2025ರ ಮೇ 14ರಂದು ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜಾಯ್‌ಮಾಲ್ಯ ಬಾಗ್ಚಿ ಅವರ ಪೀಠ ಅದನ್ನು ತಿರಸ್ಕರಿಸಿ, ಕೆಲಸದ ಅವಧಿಗೆ ಸೀಮಿತವಾದ ಇಂಥ ಷರತ್ತು ಗುತ್ತಿಗೆ ಕಾಯ್ದೆಯ 27ನೇ ಕಲಂ ಪ್ರಕಾರ ಉದ್ಯೋಗ ಸ್ವಾತಂತ್ರ್ಯಕ್ಕೆ ತಡೆಯಲ್ಲ ಎಂದಿತು.

ಪೈಲಟ್ ಆಗಬಯಸುವವರ ಪೋಷಕರು ಈ ತೀರ್ಪಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬ್ಯಾಂಕ್ ಹಣ ಕೇಳಿದ್ದು ಬಿಟ್ಟು ಹೋಗುವಾಗ, ಸೇರುವಾಗ ಅಲ್ಲ. ಮೊತ್ತವೂ ಹುದ್ದೆಗೆ ಹೋಲಿಸಿದರೆ ಅತಿಯಲ್ಲ ಎಂಬುದನ್ನು ಕೋರ್ಟ್ ಪರಿಗಣಿಸಿತ್ತು.

ವಿಮಾನಯಾನಕ್ಕೂ ಇದೇ ಸೂತ್ರ ಹೊಂದುತ್ತದೆ. ಟೈಪ್ ರೇಟಿಂಗ್ ಖರ್ಚು 15 ಲಕ್ಷ ಎಂದಾದರೆ ಕಂಪನಿಯೇ ಅದನ್ನು ಹಾಕಲಿ, ಮೂರು ವರ್ಷದ ಬಾಂಡ್ ಬರೆಸಿಕೊಳ್ಳಲಿ. ಹುಡುಗ ಪ್ರತಿ ತಿಂಗಳು ಕೆಲಸ ಮಾಡಿದಂತೆ ಬಾಂಡ್ ಮೊತ್ತ ಸುಮಾರು 41,700 ರೂ.ನಷ್ಟು ಇಳಿಯುತ್ತಾ ಹೋಗಲಿ. ಎರಡು ವರ್ಷಕ್ಕೆ ಬಿಟ್ಟರೆ ಬಾಕಿ 5 ಲಕ್ಷ. ಅದನ್ನು ಅವನಾದರೂ ಕಟ್ಟಲಿ, ಅವನನ್ನು ಕರೆದುಕೊಂಡ ದೊಡ್ಡ ಕಂಪನಿಯಾದರೂ ಕಟ್ಟಲಿ. ಕಂಪನಿಯೇ ಮುಚ್ಚಿದರೆ ಅಥವಾ ಸಂಬಳ ನಿಲ್ಲಿಸಿದರೆ ಬಾಂಡ್ ಅಲ್ಲಿಗೇ ರದ್ದು. ಇಳಿಯದ ಬಾಂಡ್, ಅಂದರೆ ಮೂರನೇ ವರ್ಷದ ಕೊನೇ ತಿಂಗಳಲ್ಲಿ ಬಿಟ್ಟರೂ ಪೂರ್ತಿ ಮೊತ್ತ ಕೇಳುವಂಥದ್ದು, ಜೀತಕ್ಕೆ ಹತ್ತಿರದ್ದು.

ಬಿಟ್ಟು ಹೋಗುವುದನ್ನು ತಡೆಯಲು ಕಂಪನಿಗಳ ಕೈಯಲ್ಲಿ ಈಗಾಗಲೇ ಒಂದು ಆಯುಧವಿದೆ ಎನ್ನುವುದನ್ನೂ ಮರೆಯುವಂತಿಲ್ಲ. 2017ರ ಡಿಜಿಸಿಎ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಸಹ ಪೈಲಟ್ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಬೇರೆ ಯಾವ ಖಾಸಗಿ ನೌಕರನಿಗೆ ಸರ್ಕಾರ ಇಷ್ಟು ಉದ್ದದ ನೋಟಿಸ್ ಹೇರಿದೆ? 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೋದಾಗ ಆಕಾಶ ಏರ್ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತ್ತು. ನೋಟಿಸ್ ಅವಧಿಯ ಹಗ್ಗವೂ ಇರಲಿ, ಬಾಂಡ್ ಕೂಡ ಇರಲಿ, ಮೇಲಿಂದ ಮುಂಗಡವನ್ನೂ ಕೊಡಿ ಎಂದರೆ ಮೂರು ಕಡೆಯಿಂದ ಕಟ್ಟಿದ ಹಾಗೆ.

ಸಣ್ಣ ಕಂಪನಿಯ ಬಳಿ ಹಾಕಲು 15 ಲಕ್ಷವೂ ಇಲ್ಲದಿದ್ದರೆ? ಉಡಾನ್ ಅನುದಾನಕ್ಕೆ ಹಣ ಬರುವುದು ಪ್ರಮುಖ ಮಾರ್ಗಗಳಲ್ಲಿ ಹಾರುವ ವಿಮಾನಗಳ ಮೇಲಿನ ಸುಂಕದಿಂದ. ಬೆಂಗಳೂರು-ದೆಹಲಿ ಪ್ರಯಾಣಿಕ ಸಣ್ಣ ಊರಿನ ಉಡಾನ್ ವಿಮಾನಕ್ಕೆ ಈಗಲೂ ಪಾಲು ಕೊಡುತ್ತಿದ್ದಾನೆ. ಆ ವಿಮಾನ ಹಾರಲು ಪೈಲಟ್ ಬೇಕೇ ಬೇಕು ಎಂದ ಮೇಲೆ, ಅವನ ಟೈಪ್ ರೇಟಿಂಗ್ ಖರ್ಚನ್ನು ಅನುದಾನದ ಲೆಕ್ಕದೊಳಗೆ ಸೇರಿಸುವುದು ವಿಚಿತ್ರವೇನಲ್ಲ. ಸಣ್ಣ ಕಂಪನಿಯಲ್ಲಿ ಪಳಗಿದವರು ಕೊನೆಗೆ ದೊಡ್ಡ ಕಂಪನಿಗಳಿಗೇ ಹೋಗುವುದರಿಂದ, ಸುಂಕ ಕಟ್ಟುವ ದೊಡ್ಡವರಿಗೂ ಇದು ನಷ್ಟದ ಬಾಬತ್ತಲ್ಲ.

ಪೆರಂಬೂರಿನ ಲೆಕ್ಕ

ಪೆರಂಬೂರಿನ ಐಸಿಎಫ್ 2024ರಲ್ಲೂ 2025ರಲ್ಲೂ ತಲಾ 1,010 ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದಿತ್ತು. ಬಡಗಿ, ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್, ಪೇಂಟರ್ ಹೀಗೆ. ಹತ್ತನೇ ತರಗತಿ ಮುಗಿಸಿ ಬಂದವರಿಗೆ ತಿಂಗಳಿಗೆ 6,000 ರೂ., ಐಟಿಐ ಆದವರಿಗೆ 7,000 ರೂ. ಸ್ಟೈಪೆಂಡ್. 1961ರ ಅಪ್ರೆಂಟಿಸ್ ಕಾಯ್ದೆಯಡಿ ಇದನ್ನು ಕೊಡಲೇಬೇಕು. ವೆಲ್ಡಿಂಗ್ ಕಲಿತ ಹುಡುಗ ನಾಳೆ ಯಾವ ವರ್ಕ್‌ಶಾಪ್‌ಗಾದರೂ ಹೋಗಬಹುದು, ಅವನ ವಿದ್ಯೆ ಪೈಲಟ್‌ನ ವಿದ್ಯೆಗಿಂತ ಸುಲಭವಾಗಿ ಹೊರಗೆ ಮಾರಾಟವಾಗುತ್ತದೆ. ಹಾಗಿದ್ದರೂ ಕಲಿಯುವಾಗ ವೆಲ್ಡಿಂಗ್ ರಾಡಿನ ದುಡ್ಡನ್ನು ಅವನಿಂದ ಯಾರೂ ಕೇಳುವುದಿಲ್ಲ.

ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆ ಎಂದೇನಲ್ಲ. 7,000 ರೂಪಾಯಿಯಲ್ಲಿ ಚೆನ್ನೈನಲ್ಲಿ ಒಂದು ರೂಮಿನ ಬಾಡಿಗೆ ಕಟ್ಟಿ ಊಟ ಮಾಡುವುದು ಕಷ್ಟ. ತರಬೇತಿ ಮುಗಿದ ಮೇಲೆ ಕಾಯಂ ಕೆಲಸದ ಖಾತ್ರಿಯೂ ಇಲ್ಲ. ಸಹಾಯಕ ಲೋಕೋ ಪೈಲಟ್ ಹುದ್ದೆಗಳಿಗೂ ಅಭ್ಯರ್ಥಿಗಳು ವರ್ಷಗಟ್ಟಲೆ ಕಾದಿದ್ದಾರೆ. 2024ರಲ್ಲಿ ಮೊದಲು 5,696 ಹುದ್ದೆಗೆ ಅರ್ಜಿ ಕರೆದ ರೈಲ್ವೆ, ಜೂನ್‌ನಲ್ಲಿ ಕಾಂಚನಜುಂಗಾ ಎಕ್ಸ್‌ಪ್ರೆಸ್ ಅಪಘಾತವಾದ ಬೆನ್ನಿಗೇ ಅದನ್ನು 18,799ಕ್ಕೆ ಏರಿಸಿತು. ಆರಂಭಿಕ ಮೂಲ ವೇತನ 19,900 ರೂ., ಯಾವ ವಿಮಾನದ ಪೈಲಟ್‌ಗೂ ಹೋಲಿಸಲಾಗದಷ್ಟು ಕಡಿಮೆ. ಆದರೆ ಐಟಿಐ ಮುಗಿಸಿದ ಕೂಲಿ ಕಾರ್ಮಿಕರ ಮಗ ಎಂಜಿನ್ ಹತ್ತಬಲ್ಲ. ಅಡಮಾನ ಇಡಲು ಅಪ್ಪನಿಗೆ ಹೊಲ ಇದೆಯೇ ಎಂದು ರೈಲ್ವೆ ಕೇಳುವುದಿಲ್ಲ.

ಕಲಬುರಗಿ, ಬೀದರ್, ಶಿವಮೊಗ್ಗದಲ್ಲಿ ಈಗ ರನ್‌ವೇಗಳಿವೆ. ಆ ಊರಿನ ಮಕ್ಕಳು ತಲೆಯೆತ್ತಿ ವಿಮಾನ ನೋಡುತ್ತಿದ್ದಾರೆ. ಸದ್ಯಕ್ಕೆ ಕಾಕ್‌ಪಿಟ್ ಆಸೆ ಇರುವ ಮಕ್ಕಳ ಪೋಷಕರು ಮಾಡಬಹುದಾದ ಕೆಲಸ ಒಂದಿದೆ. ಸಹಿ ಹಾಕುವ ಮೊದಲು ಒಪ್ಪಂದದ ಪತ್ರವನ್ನು ವಕೀಲರೊಬ್ಬರಿಗೆ ತೋರಿಸಿ ಮೂರು ಸಾಲು ಹುಡುಕಿಸಿ. ಬಾಂಡ್ ಮೊತ್ತ ತಿಂಗಳು ತಿಂಗಳು ಇಳಿಯುತ್ತದೆಯೇ, ರೇಟಿಂಗ್ ಮುಗಿದ ಎಷ್ಟು ದಿನದೊಳಗೆ ಲೈನ್ ಟ್ರೈನಿಂಗ್ ಶುರುವಾಗುತ್ತದೆ, ಕಂಪನಿ ನಿಂತರೆ ಕಟ್ಟಿದ ಹಣ ಎಲ್ಲಿಂದ ವಾಪಸು ಬರುತ್ತದೆ. ಮೂರನೆಯದಕ್ಕೆ ಪತ್ರದಲ್ಲಿ ಉತ್ತರ ಇಲ್ಲದಿದ್ದರೆ, ಹೊಲದ ಪಹಣಿಯನ್ನು ಬ್ಯಾಂಕ್‌ಗೆ ಕೊಡುವ ಮೊದಲು ಇನ್ನೊಂದು ಕಂಪನಿಯ ಬಾಗಿಲು ತಟ್ಟಿ ನೋಡಿ.